ಗಂಟಲು ಕಂಡರೆ ಸಾಲದು, ಟ್ಯೂಬ್ ಹೋಗಬೇಕು

‘ಈಗ ಎಲ್ಲಾ ಸ್ಕ್ರೀನಲ್ಲೇ ಕಾಣುತ್ತಲ್ವಾ, ಟ್ಯೂಬ್ ಹಾಕೋದೇನು ಮಹಾ?’ ಬೆಂಗಳೂರಿನ ಓಟಿಗಳ (ಆಪರೇಷನ್ ಥಿಯೇಟರ್‌ಗಳ) ಹೊರಗೆ ಕಾಯುವವರ ಬಾಯಲ್ಲಿ ಈ ಮಾತು ಕೇಳಿದಾಗೆಲ್ಲ ನನಗೆ ರೇಗುತ್ತದೆ. ಕ್ಯಾಮೆರಾದಿಂದ ನೋಡುವುದು ಸುಲಭವಾಗಿದೆ, ನಿಜ. ರೋಗಿಯ ಉಸಿರಾಟಕ್ಕೆಂದು ಬಾಯಿಂದ ಧ್ವನಿತಂತುಗಳ ನಡುವೆ ಹಾಯಿಸಿ ಉಸಿರುನಾಳಕ್ಕೆ ಟ್ಯೂಬ್ ತೂರಿಸುವುದು ಬೇರೆಯೇ ವಿದ್ಯೆ.

ಗಂಟಲೊಳಗೆ ಇಣುಕುವ ಹುಚ್ಚು ಹಳೆಯದು. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿಯನ್ನು ಬಾಯಲ್ಲಿಟ್ಟು, ಬಿಸಿಲು ಹಾಯಿಸಿ, ತನ್ನದೇ ಧ್ವನಿತಂತುಗಳನ್ನು ನೋಡಿಕೊಂಡರು. 1943ರಲ್ಲಿ ಅರಿವಳಿಕೆ ಡಾಕ್ಟರ್ ಮ್ಯಾಕಿಂಟಾಷ್ ಅವರ ಬಾಗಿದ ಬ್ಲೇಡ್, ಅಂದರೆ ನಾಲಿಗೆ ಎತ್ತಿ ಗಂಟಲು ನೋಡುವ ಪಟ್ಟಿ, ಬಂತು. ಅದು ಇಂದಿಗೂ ಓಟಿಗಳಲ್ಲಿದೆ. 2001ರಲ್ಲಿ ಕೆನಡಾದ ಸರ್ಜನ್ ಜಾನ್ ಪೇಸಿ ಬ್ಲೇಡಿಗೇ ಕ್ಯಾಮೆರಾ ಕೂರಿಸಿ ಗ್ಲೈಡ್‌ಸ್ಕೋಪ್ ಮಾಡಿದರು.

ಹಳೇ ಬ್ಲೇಡಿನಲ್ಲಿ ನಾಲಿಗೆಯನ್ನು ಪಕ್ಕಕ್ಕೆ ಸರಿಸಿ, ಎತ್ತಿ, ಕಣ್ಣಿನಿಂದ ಧ್ವನಿತಂತುವಿಗೆ ನೇರ ಗೆರೆ ಮಾಡಿಕೊಳ್ಳಬೇಕು. ಕಂಡರೆ ಅದೇ ಗೆರೆಯಲ್ಲಿ ಟ್ಯೂಬೂ ಹೋಗುತ್ತದೆ. ಜಾಸ್ತಿ ಬಾಗಿದ ವಿಡಿಯೋ ಬ್ಲೇಡಿಗೆ ಆ ಗೆರೆ ಬೇಡ, ಕ್ಯಾಮೆರಾ ತಿರುವಿನಾಚೆ ನೋಡುತ್ತದೆ. ಕತ್ತು ಅಲುಗಿಸಬಾರದ ಅಪಘಾತದ ರೋಗಿಗೆ ಇದು ದೊಡ್ಡ ಅನುಕೂಲ. ಆದರೆ ಟ್ಯೂಬೂ ಅದೇ ತಿರುವು ದಾಟಬೇಕಲ್ಲ! ಅದಕ್ಕೇ ಒಳಗೆ ಗಟ್ಟಿ ತಂತಿ, ಅಂದರೆ ಸ್ಟೈಲೆಟ್ ಇಟ್ಟು, ಬ್ಲೇಡಿನ ಬಾಗಿಗೆ ಸರಿಯಾಗಿ ಬಗ್ಗಿಸುತ್ತಾರೆ.

ಇನ್ನು ಕಣ್ಣಿನ ಶಿಸ್ತು. ಬ್ಲೇಡ್ ಇಡುವಾಗ ಬಾಯಿ ನೋಡಬೇಕು, ಆಮೇಲೆ ಸ್ಕ್ರೀನ್. ಟ್ಯೂಬ್ ಬಾಯಿಗೆ ಹಾಕುವಾಗ ಮತ್ತೆ ಬಾಯಿ, ತುದಿ ಒಳಗೆ ಹೋದ ಮೇಲೆ ಮತ್ತೆ ಸ್ಕ್ರೀನ್. ಹೊಸಬರು ಎಡವುವುದು ಮೂರನೆಯದರಲ್ಲಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ರಿವರ್ಸ್ ಕ್ಯಾಮೆರಾವನ್ನೇ ನೋಡುತ್ತಾ ಪಕ್ಕದ ಕಂಬಕ್ಕೆ ಬಾಗಿಲು ಉಜ್ಜಿಕೊಳ್ಳುವವರ ಹಾಗೆ. ತುದಿ ಸ್ಕ್ರೀನಿಗೆ ಬರುವ ಮುಂಚೆಯೇ ಮೆದು ಅಂಗುಳವನ್ನೋ ಟಾನ್ಸಿಲ್ ಪಕ್ಕವನ್ನೋ ಚುಚ್ಚಿರುತ್ತದೆ.

ನನಗೆ ತುಂಬಾ ಖುಷಿ ಕೊಡುವ ಸಂಗತಿ ಇನ್ನೊಂದಿದೆ. ಧ್ವನಿತಂತುಗಳು ಸ್ಕ್ರೀನ್ ತುಂಬಾ ಚೆಂದ ಕಂಡವೆಂದರೆ ಬ್ಲೇಡ್ ಜಾಸ್ತಿ ಒಳಗೆ ಹೋಗಿದೆ ಎಂದೇ ಅನುಮಾನಿಸಬೇಕು. ಟ್ಯೂಬಿಗೆ ಜಾಗ ಇರುವುದಿಲ್ಲ, ಕೋನವೂ ಕಡಿದಾಗುತ್ತದೆ. ಪಳಗಿದ ಕೈ ಬ್ಲೇಡನ್ನು ಸ್ವಲ್ಪ ಹಿಂದೆಳೆದು, ನೋಟವನ್ನು ಬೇಕಂತಲೇ ಕೆಡಿಸಿಕೊಳ್ಳುತ್ತದೆ! ಆಗ ಟ್ಯೂಬ್ ಸಲೀಸು. ತುದಿ ಉಸಿರುನಾಳದ ಮುಂಗೋಡೆಗೆ ತಗುಲಿ ನಿಂತರೆ ತಳ್ಳಬಾರದು. ಸ್ಟೈಲೆಟ್ ತುಸು ಎಳೆದು, ಟ್ಯೂಬ್ ತಿರುಗಿಸಬೇಕು.

ಇದೆಲ್ಲ ಮೊದಲು ಬೊಂಬೆಯ ಮೇಲೆ, ಆಮೇಲೆ ಸುಲಭದ ಕೇಸುಗಳಲ್ಲಿ ಸೀನಿಯರ್ ಪಕ್ಕದಲ್ಲಿದ್ದಾಗ ಕೈಗೆ ಕೂರುತ್ತದೆ. ಕಷ್ಟದ ಗಂಟಲು ಬಂದ ದಿನ ಮೊದಲ ಸಲ ಈ ಬ್ಲೇಡ್ ಹಿಡಿಯುವುದು ಹುಚ್ಚಾಟ. ಹಿಂದೆ ಸೀನಿಯರ್ ‘ಏನಮ್ಮಾ ಕಾಣ್ತಿದೆ?’ ಎಂದು ಪಿಜಿಯನ್ನು, ಅಂದರೆ ಕಲಿಯುತ್ತಿರುವ ಕಿರಿಯ ಡಾಕ್ಟರನ್ನು, ಕೇಳಬೇಕಿತ್ತು. ಈಗ ಇಬ್ಬರಿಗೂ ಒಂದೇ ಚಿತ್ರ. ನನ್ನ ಲೆಕ್ಕದಲ್ಲಿ ಕ್ಯಾಮೆರಾದ ದೊಡ್ಡ ಉಪಕಾರ ಇದೇ.

ಅಷ್ಟಾದರೂ ಕೊನೆಯ ತೀರ್ಪು ಈ ಸ್ಕ್ರೀನಿನದಲ್ಲ. ಪಕ್ಕದ ಮಾನಿಟರ್‌ನಲ್ಲಿ ಪ್ರತಿ ಉಸಿರಿಗೂ ಕಾರ್ಬನ್ ಡೈಆಕ್ಸೈಡ್ ಅಲೆ ಏಳಬೇಕು. ಗೆರೆ ಚಪ್ಪಟೆಯಾಗಿದ್ದರೆ ಟ್ಯೂಬ್ ಅನ್ನನಾಳದಲ್ಲಿದೆ ಎಂದೇ ಲೆಕ್ಕ. ಹೊರಗೆಳೆದು, ಮಾಸ್ಕಿನಲ್ಲಿ ಆಕ್ಸಿಜನ್ ಕೊಡಬೇಕು.