ನೀರಾವರಿ ವ್ಯವಸ್ಥೆಯನ್ನು ಅಳೆದು ನೋಡುವುದು: ಜೊತೆಗೆ ಕಲಿಯುತ್ತಿರುವವರಿಗೆ ಅಧ್ಯಯನ ಟಿಪ್ಪಣಿ

ನೀರಾವರಿ ತರಬೇತಿಯಲ್ಲಿ ಈ ಪಾಠಕ್ಕೆ ಬಂದಾಗ ಹೆಚ್ಚಿನವರು ಮೊದಲು ಸೂತ್ರಗಳನ್ನು ಬಾಯಿಪಾಠ ಮಾಡುತ್ತಾರೆ. ಸೂತ್ರ ಬೇಕು, ನಿಜ. ಆದರೆ ಹೊಲಕ್ಕೆ ಇಳಿದ ಮೇಲೆ ಉತ್ತರ ಹುಡುಕಬೇಕಾದ ಪ್ರಶ್ನೆ ಬೇರೆ: ನೀರು ಎಲ್ಲಿ ಕಡಿಮೆ ಬೀಳುತ್ತಿದೆ, ಯಾಕೆ? ಶೇಕಡಾ ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕೆಲಸ ಮಾತ್ರ ಆಗಿರುತ್ತದೆ. ಆ ಪ್ರಶ್ನೆಯನ್ನೇ ಹಿಡಿದುಕೊಂಡು ಈ ಟಿಪ್ಪಣಿ ಬರೆದಿದ್ದೇನೆ.

ಸಮಹಂಚಿಕೆ ಬೇರೆ, ದಕ್ಷತೆ ಬೇರೆ. ಜಮೀನಿನ ಎಲ್ಲಾ ಕಡೆ ಒಂದೇ ಪ್ರಮಾಣದಲ್ಲಿ ನೀರು ಬೀಳುತ್ತಿದ್ದರೆ ಸಮಹಂಚಿಕೆ ಚೆನ್ನಾಗಿದೆ ಎಂದರ್ಥ. ಬಿಟ್ಟ ನೀರಿನಲ್ಲಿ ಎಷ್ಟು ಪಾಲು ಬೇರಿನ ವಲಯದಲ್ಲಿ ನಿಂತು ಬೆಳೆಗೆ ಸಿಕ್ಕಿತು ಎನ್ನುವುದು ದಕ್ಷತೆ. ಎಲ್ಲಾ ಕಡೆ ಸಮವಾಗಿ, ಆದರೆ ಬೇಕಾದದ್ದಕ್ಕಿಂತ ಎರಡು ಪಟ್ಟು ನೀರು ಕೊಟ್ಟರೆ ಸಮಹಂಚಿಕೆ ಅದ್ಭುತ, ದಕ್ಷತೆ ಕಳಪೆ. ಹಾಗಾಗಿ ಒಂದರ ಅಂಕಿ ನೋಡಿ ಇನ್ನೊಂದರ ಬಗ್ಗೆ ತೀರ್ಪು ಕೊಡಬೇಡಿ.

ಅಳತೆಗೆ ಮೊದಲು

ವ್ಯವಸ್ಥೆ ದಿನಾ ಹೇಗೆ ಓಡುತ್ತದೋ ಹಾಗೇ ಓಡಿಸಿ ಅಳೆಯಿರಿ. ಮಾಮೂಲಿ ದಿನ ಮೂರು ವಾಲ್ವ್ ಒಟ್ಟಿಗೆ ತೆರೆದಿರುತ್ತವೆ ಎಂದರೆ ಪರೀಕ್ಷೆಯ ದಿನವೂ ಮೂರೂ ತೆರೆದಿರಬೇಕು. ಫಿಲ್ಟರ್ ಕೊಳಕಾಗಿದೆ ಅಂತ ಮೊದಲೇ ತೊಳೆದುಬಿಡಬೇಡಿ. ಬೆಳೆ ಇಷ್ಟು ದಿನ ಕುಡಿದದ್ದು ಆ ಕೊಳಕು ಫಿಲ್ಟರಿನ ನೀರನ್ನೇ ಅಲ್ವಾ? ಇದ್ದಂತೆಯೇ ಒಮ್ಮೆ ಅಳೆಯಿರಿ, ಆಮೇಲೆ ತೊಳೆದು ಮತ್ತೆ ಅಳೆಯಿರಿ. ಎರಡರ ನಡುವಿನ ವ್ಯತ್ಯಾಸವೇ ಒಂದು ದೊಡ್ಡ ಮಾಹಿತಿ.

ಪ್ರೆಶರ್ ಗೇಜ್ ಒಂದನ್ನೇ ಎಲ್ಲಾ ಕಡೆಗೂ ಬಳಸಿ. ಗೇಜ್ ಸ್ವಲ್ಪ ಹೆಚ್ಚು-ಕಡಿಮೆ ತೋರಿಸಿದರೂ ಎಲ್ಲಾ ಕಡೆ ಅದೇ ರೀತಿ ತೋರಿಸುತ್ತದೆ, ಹೋಲಿಕೆ ಕೆಡುವುದಿಲ್ಲ. ಐದು ಕಡೆ ಐದು ಗೇಜ್ ಇಟ್ಟರೆ ಕಂಡ ವ್ಯತ್ಯಾಸ ಪೈಪಿನದ್ದೋ ಗೇಜಿನದ್ದೋ ಗೊತ್ತಾಗುವುದಿಲ್ಲ. ಪೈಪಿಗೆ ಹಾಕುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ.

ನೀರಿನ ಜೊತೆ ಗೊಬ್ಬರ ಬಿಡುತ್ತಿದ್ದರೆ ಅದನ್ನು ನಿಲ್ಲಿಸಿ, ಶುದ್ಧ ನೀರು ಸ್ವಲ್ಪ ಹೊತ್ತು ಹರಿದ ಮೇಲೆ ಶುರು ಮಾಡಿ. ಡ್ರಿಪ್ ತೊಳೆಯಲು ಬಳಸುವ ಆಮ್ಲ ಮತ್ತು ಕ್ಲೋರಿನ್ ಒಂದಕ್ಕೊಂದು ಸೇರದಂತೆ ನೋಡಿಕೊಳ್ಳಿ. ಸೇರಿದರೆ ವಿಷಕಾರಿ ಅನಿಲ ಹೊರಬರುತ್ತದೆ. ಸುರಕ್ಷತೆಯ ಈ ಅಂಶವನ್ನು ಪ್ರಾಯೋಗಿಕ ಪರೀಕ್ಷೆಯಲ್ಲೂ ಬಿಡಬೇಡಿ.

ಡಬ್ಬಿ ಪರೀಕ್ಷೆ: ಒಂದು ಲೆಕ್ಕ ಪೂರ್ತಿಯಾಗಿ

ತುಂತುರು ನೀರಾವರಿಗೆ ಇದೇ ಮುಖ್ಯ ಪರೀಕ್ಷೆ. ಒಂದೇ ಅಳತೆಯ ಬಾಯಿ ಇರುವ ಡಬ್ಬಿಗಳನ್ನು ಸ್ಪ್ರಿಂಕ್ಲರ್‌ಗಳ ನಡುವೆ ಚೌಕುಳಿಯಾಗಿ, ಸಮ ದೂರದಲ್ಲಿ ಇಡುತ್ತೇವೆ. ಗೊತ್ತಾದ ಸಮಯದವರೆಗೆ ನೀರು ಬಿಟ್ಟು, ಪ್ರತಿ ಡಬ್ಬಿಯ ನೀರನ್ನು ಅಳತೆ ಜಾಡಿಗೆ ಸುರಿದು ಬರೆದುಕೊಳ್ಳುತ್ತೇವೆ. ಗಾಳಿ ಜೋರಾಗಿದ್ದರೆ ಪರೀಕ್ಷೆ ಮುಂದಕ್ಕೆ ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಗಾಳಿಯ ತಪ್ಪನ್ನು ನಾಜಲ್ (ಸ್ಪ್ರಿಂಕ್ಲರಿನಲ್ಲಿ ನೀರು ಚಿಮ್ಮುವ ಬಾಯಿ) ಮೇಲೆ ಹಾಕಿದಂತಾಗುತ್ತದೆ.

ಡಬ್ಬಿಯ ಬಾಯಿಯ ವಿಸ್ತೀರ್ಣ 100 ಚದರ ಸೆಂ.ಮೀ. ಇದ್ದರೆ ಲೆಕ್ಕ ಸಲೀಸು: ಮಿ.ಲೀ. ಅಳತೆಯನ್ನು 10ರಿಂದ ಭಾಗಿಸಿದರೆ ಮಿ.ಮೀ. ಸಿಗುತ್ತದೆ. ಒಂದು ಗಂಟೆ ಓಡಿಸಿದಾಗ 16 ಡಬ್ಬಿಗಳಲ್ಲಿ ಹೀಗೆ ನೀರು ಬಿತ್ತು ಎಂದುಕೊಳ್ಳಿ (ಮಿ.ಲೀ.):

50, 58, 78, 84
54, 62, 82, 88
80, 86, 90, 94
88, 92, 96, 98

ಒಟ್ಟು 1280, ಸರಾಸರಿ 80. ಅಂದರೆ ಗಂಟೆಗೆ 8 ಮಿ.ಮೀ. ಈಗ ಅತಿ ಕಡಿಮೆ ನೀರು ಬಿದ್ದ ಕಾಲು ಭಾಗವನ್ನು, ಅಂದರೆ ನಾಲ್ಕು ಡಬ್ಬಿಗಳನ್ನು ತೆಗೆದುಕೊಳ್ಳಿ: 50, 54, 58, 62. ಅವುಗಳ ಸರಾಸರಿ 56. ಅದನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 70. ಇದಕ್ಕೆ ಡಿ.ಯು. (ಡಿಸ್ಟ್ರಿಬ್ಯೂಷನ್ ಯೂನಿಫಾರ್ಮಿಟಿ, ಅಂದರೆ ಹಂಚಿಕೆಯ ಸಮಾನತೆ) ಅನ್ನುತ್ತಾರೆ.

ಇನ್ನೊಂದು ಅಳತೆ ಸಿ.ಯು. (ಕೋಎಫಿಶಿಯೆಂಟ್ ಆಫ್ ಯೂನಿಫಾರ್ಮಿಟಿ, ಸಮಾನತೆಯ ಗುಣಾಂಕ). ಇದನ್ನು 1942ರಲ್ಲಿ ಅಮೆರಿಕದ ನೀರಾವರಿ ಎಂಜಿನಿಯರ್ ಕ್ರಿಸ್ಟಿಯಾನ್‌ಸೆನ್ ಕೊಟ್ಟರು. ಪ್ರತಿ ಡಬ್ಬಿಯೂ ಸರಾಸರಿಯಿಂದ ಎಷ್ಟು ದೂರ ಇದೆ ಅಂತ ನೋಡಿ, ಹೆಚ್ಚು-ಕಡಿಮೆ ಎಂದು ಬೇಧ ಮಾಡದೆ ಎಲ್ಲಾ ಕೂಡಿಸಬೇಕು. ನಮ್ಮ ಲೆಕ್ಕದಲ್ಲಿ ಅದು 196. ಅದನ್ನು 1280ರಿಂದ ಭಾಗಿಸಿ, 1ರಿಂದ ಕಳೆದರೆ ಸುಮಾರು ಶೇ. 85 ಬರುತ್ತದೆ.

ಅದೇ ಹೊಲ, ಅದೇ ಡಬ್ಬಿಗಳು. ಒಂದು ಅಳತೆ 70 ಅನ್ನುತ್ತದೆ, ಇನ್ನೊಂದು 85 ಅನ್ನುತ್ತದೆ. ಸಿ.ಯು. ಹೆಚ್ಚು ಬಿದ್ದದ್ದನ್ನೂ ಕಡಿಮೆ ಬಿದ್ದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಡಿ.ಯು. ಒಣಗಿದ ಜಾಗವನ್ನೇ ಎತ್ತಿ ತೋರಿಸುತ್ತದೆ. ಬೆಳೆ ಒಣಗುವುದು ಅಲ್ಲೇ ಆದ್ದರಿಂದ ನಾನು ಡಿ.ಯು.ಗೇ ಹೆಚ್ಚು ಬೆಲೆ ಕೊಡುತ್ತೇನೆ. ವರದಿಯಲ್ಲಿ ಸುಮ್ನೆ "ಸಮಹಂಚಿಕೆ ಶೇ. 85" ಅಂತ ಬರೆದರೆ ಸಾಲದು, ಯಾವ ಅಳತೆ ಎಂದು ಹೇಳಲೇಬೇಕು.

ಈ 70ರ ಬೆಲೆ ಎಷ್ಟು ನೋಡೋಣ. ಬೆಳೆಗೆ 24 ಮಿ.ಮೀ. ನೀರು ಬೇಕು. ಸರಾಸರಿ ನಂಬಿ 3 ಗಂಟೆ ಬಿಟ್ಟರೆ ಒಣ ಮೂಲೆಗೆ ಸಿಗುವುದು 16.8 ಮಿ.ಮೀ. ಮಾತ್ರ. ಆ ಮೂಲೆಗೂ 24 ಮುಟ್ಟಬೇಕು ಎಂದರೆ ಸುಮಾರು 4 ಗಂಟೆ 17 ನಿಮಿಷ ಓಡಿಸಬೇಕು. ಆಗ ಇಡೀ ಜಮೀನಿಗೆ ಸರಾಸರಿ 34 ಮಿ.ಮೀ. ಬಿದ್ದಿರುತ್ತದೆ. ಒಂದು ಹೆಕ್ಟೇರಿಗೆ 1 ಮಿ.ಮೀ. ಅಂದರೆ 10,000 ಲೀಟರ್. ಹಾಗಾಗಿ 10 ಮಿ.ಮೀ. ಜಾಸ್ತಿ ಎಂದರೆ ಪ್ರತಿ ಸರದಿಗೂ ಹೆಕ್ಟೇರಿಗೆ ಒಂದು ಲಕ್ಷ ಲೀಟರ್! ಜೊತೆಗೆ ಅದು ಬೇರಿನ ಕೆಳಗೆ ಇಳಿಯುವಾಗ ಗೊಬ್ಬರವನ್ನೂ ಕರೆದೊಯ್ಯುತ್ತದೆ. ರಿಪೇರಿ ಮಾಡಿ ಡಿ.ಯು.ವನ್ನು 85ಕ್ಕೆ ತಂದರೆ ಸುಮಾರು 28 ಮಿ.ಮೀ. ಸಾಕು. "ಇನ್ನೊಂದು ಗಂಟೆ ಜಾಸ್ತಿ ಬಿಡಿ" ಎನ್ನುವ ಸಲಹೆ ಯಾಕೆ ಸಲಹೆಯೇ ಅಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಈಗ ಆ ಅಂಕಿಗಳ ಚೌಕವನ್ನು ಇನ್ನೊಮ್ಮೆ ನೋಡಿ. ಕಡಿಮೆ ಇರುವ ನಾಲ್ಕೂ ಒಂದೇ ಮೂಲೆಯಲ್ಲಿವೆ. ಅಂದರೆ ಆ ಮೂಲೆಯ ಸ್ಪ್ರಿಂಕ್ಲರ್ ಹತ್ತಿರ ಹೋಗಬೇಕು. ತಿರುಗುತ್ತಿದೆಯೇ, ಪೈಪ್ ವಾಲಿದೆಯೇ, ನಾಜಲ್‌ನಲ್ಲಿ ಕಸ ಕೂತಿದೆಯೇ, ಬೇರೆ ಸೈಜಿನ ನಾಜಲ್ ಹಾಕಿದ್ದಾರೆಯೇ ನೋಡಬೇಕು. ಕಡಿಮೆ ಅಂಕಿಗಳು ಒಂದು ಮೂಲೆಯಲ್ಲಿ ಸೇರದೆ ಪ್ರತಿ ಎರಡು ಸ್ಪ್ರಿಂಕ್ಲರ್‌ಗಳ ನಡುವೆಯೂ ಬಂದಿದ್ದರೆ ಕಥೆ ಬೇರೆ: ಅಂತರ ಜಾಸ್ತಿಯಾಗಿದೆ, ಇಲ್ಲವೇ ಒತ್ತಡ ಕಡಿಮೆಯಿದೆ. ಅದಕ್ಕೇ ಅಂಕಿಗಳನ್ನು ಉದ್ದಕ್ಕೆ ಪಟ್ಟಿ ಮಾಡದೆ ಡಬ್ಬಿ ಇಟ್ಟ ಜಾಗದಲ್ಲೇ ನಕ್ಷೆಯ ಮೇಲೆ ಬರೆಯಿರಿ.

ನಾಜಲ್ ಸವೆದಿದೆಯೇ ತಿಳಿಯಲು ಅದೇ ಅಳತೆಯ ಡ್ರಿಲ್ ಬಿಟ್‌ನ ನುಣುಪಾದ ತುದಿಯನ್ನು ತೂತಿಗೆ ಹಾಕಿ ನೋಡಿ. ಸಡಿಲವಾಗಿ ಅಲ್ಲಾಡಿದರೆ ಸವೆದಿದೆ.

ಒತ್ತಡ ಮತ್ತು ಹರಿವು ಒಟ್ಟಿಗೆ

ಸಾಮಾನ್ಯ ನಾಜಲ್‌ನಿಂದ ಬರುವ ನೀರು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಒತ್ತಡ ಶೇ. 20 ಇಳಿದರೆ ಹರಿವು ಸುಮಾರು ಶೇ. 10 ಇಳಿಯುತ್ತದೆ. ಒತ್ತಡ ಅರ್ಧಕ್ಕೆ ಬಂದರೂ ಹರಿವು ಶೇ. 71ರಷ್ಟು ಉಳಿಯುತ್ತದೆ. ಆದರೆ ಇದನ್ನು ಕೇಳಿ ಸಮಾಧಾನ ಪಡಬೇಡಿ. ಕಡಿಮೆ ಒತ್ತಡದಲ್ಲಿ ಹನಿ ದಪ್ಪವಾಗಿ, ನೀರೆಲ್ಲಾ ಸ್ಪ್ರಿಂಕ್ಲರ್ ಸುತ್ತ ಬಳೆಯಂತೆ ಬೀಳುತ್ತದೆ. ಒತ್ತಡ ಜಾಸ್ತಿಯಾದರೆ ನೀರು ಮಂಜಿನಂತೆ ಒಡೆದು ಗಾಳಿಗೆ ಹೋಗುತ್ತದೆ.

ಎರಡನ್ನೂ ಕೂಡಿಸಿ ಓದಿದಾಗ ಕಾರಣ ಹೊರಬೀಳುತ್ತದೆ. ಒತ್ತಡ ಕಡಿಮೆ, ಹರಿವು ಜಾಸ್ತಿ ಎಂದರೆ ಎಲ್ಲೋ ಸೋರಿಕೆ ಇದೆ, ಅಥವಾ ನಾಜಲ್ ಸವೆದಿದೆ. ಎರಡೂ ಕಡಿಮೆ ಎಂದರೆ ತೊಂದರೆ ಅಳತೆಯ ಜಾಗಕ್ಕಿಂತ ಹಿಂದೆ: ಪಂಪ್, ಫಿಲ್ಟರ್, ಅಥವಾ ಅರ್ಧ ಮುಚ್ಚಿದ ವಾಲ್ವ್. ಒತ್ತಡ ಜಾಸ್ತಿ, ಹರಿವು ಕಡಿಮೆ ಎಂದರೆ ಮುಂದೆ ಎಲ್ಲೋ ಕಟ್ಟಿಕೊಂಡಿದೆ. ಈ ಮೂರನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಹೊಲದಲ್ಲಿ ಅಲೆಯುವುದು ಎಷ್ಟೋ ತಪ್ಪುತ್ತದೆ.

ಹನಿ ನೀರಾವರಿಯಲ್ಲಿ

ಇಲ್ಲಿ ಡಬ್ಬಿ ಡ್ರಿಪ್ಪರ್ (ಹನಿ ಹನಿಯಾಗಿ ನೀರು ಬಿಡುವ ಬಿಡಿಭಾಗ) ಕೆಳಗೆ. ರೂಢಿಯಲ್ಲಿರುವ ಒಂದು ವಿಧಾನದಲ್ಲಿ 16 ಜಾಗ ಆರಿಸುತ್ತಾರೆ: ನಾಲ್ಕು ಲ್ಯಾಟರಲ್ (ಡ್ರಿಪ್ಪರ್ ಕೂರಿಸಿದ, ಸಾಲಿನುದ್ದಕ್ಕೂ ಹೋಗುವ ಸಣ್ಣ ಪೈಪ್), ಪ್ರತಿಯೊಂದರಲ್ಲೂ ಶುರುವಿನಲ್ಲಿ, ಮೂರನೇ ಒಂದು ಭಾಗದಲ್ಲಿ, ಮೂರನೇ ಎರಡು ಭಾಗದಲ್ಲಿ, ಕೊನೆಯಲ್ಲಿ. ಚೆನ್ನಾಗಿ ತೊಟ್ಟಿಕ್ಕುವ ಡ್ರಿಪ್ಪರ್‌ಗಳನ್ನೇ ಹುಡುಕಿ ಅಳೆಯುವ ಆಸೆ ಬರುತ್ತದೆ, ಅದನ್ನು ತಡೆಯಿರಿ. ಜಾಗ ಮೊದಲೇ ಗೊತ್ತು ಮಾಡಿ.

ಒಂದು ಸುಲಭ ದಾರಿ: 36 ಸೆಕೆಂಡ್ ನೀರು ಹಿಡಿಯಿರಿ. ಸಿಕ್ಕ ಮಿ.ಲೀ.ಯನ್ನು 10ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಅಂತ ನೇರವಾಗಿ ಬರುತ್ತದೆ. 40 ಮಿ.ಲೀ. ಸಿಕ್ಕರೆ ಗಂಟೆಗೆ 4 ಲೀಟರ್. ಡಿ.ಯು. ಲೆಕ್ಕ ಮೊದಲಿನದ್ದೇ.

ಒತ್ತಡ ಸರಿದೂಗಿಸುವ ಡ್ರಿಪ್ಪರ್ ಇದ್ದರೆ, ಅದರ ಮಿತಿಯೊಳಗೆ ಒತ್ತಡ ಏರಿಳಿದರೂ ಹರಿವು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒತ್ತಡ ಸರಿಯಿದ್ದೂ ನೀರು ಕಡಿಮೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಕಸವನ್ನು. ಲ್ಯಾಟರಲ್ ತುದಿ ಬಿಚ್ಚಿ, ಮೊದಲು ಬರುವ ನೀರನ್ನು ಬಿಳಿ ಪಾತ್ರೆಯಲ್ಲಿ ಹಿಡಿದು ನೋಡಿ. ಮರಳು ಕಂಡರೆ ಫಿಲ್ಟರ್ ಹರಿದಿರಬಹುದು. ಲೋಳೆ ಕಂಡರೆ ಪಾಚಿ, ಬ್ಯಾಕ್ಟೀರಿಯಾ. ಡ್ರಿಪ್ಪರ್ ಬಾಯಲ್ಲಿ ಬಿಳಿ ಪೊರೆ ಇದ್ದರೆ ಸುಣ್ಣದ ಅಂಶ. ಮೂರಕ್ಕೂ ಮದ್ದು ಬೇರೆ ಬೇರೆ.

ಕಾಲುವೆ ನೀರು ಹಾಯಿಸುವ ಕಡೆ ಸಾಲಿನ ಉದ್ದಕ್ಕೂ ಗೂಟ ನೆಟ್ಟು, ನೀರು ಪ್ರತಿ ಗೂಟ ಮುಟ್ಟಿದ ಸಮಯ ಮತ್ತು ಅಲ್ಲಿಂದ ಇಂಗಿದ ಸಮಯ ಬರೆಯಬೇಕು. ಎರಡರ ಅಂತರವೇ ಆ ಜಾಗದ ಮಣ್ಣಿಗೆ ನೀರು ಕುಡಿಯಲು ಸಿಕ್ಕ ಹೊತ್ತು. ಸಾಲಿನ ತಲೆಗೂ ತುದಿಗೂ ಇದು ತುಂಬಾ ಬೇರೆ ಇದ್ದರೆ, ಸಾಲಿನ ಉದ್ದ ಅಥವಾ ಬಿಡುವ ನೀರಿನ ಪ್ರಮಾಣ ಬದಲಿಸಬೇಕು.

ವರದಿ ಬರೆಯುವಾಗ ಅಂಕಿ, ಕಾರಣ, ಮಾಡಬೇಕಾದ ಕೆಲಸ ಈ ಮೂರೂ ಒಂದರ ಪಕ್ಕ ಒಂದು ಇರಲಿ. ಕಡಿಮೆ ಖರ್ಚಿನ ಕೆಲಸ ಮೊದಲು: ಫಿಲ್ಟರ್ ತೊಳೆಯುವುದು, ಲ್ಯಾಟರಲ್ ಫ್ಲಶ್ ಮಾಡುವುದು, ಸೋರಿಕೆ ನಿಲ್ಲಿಸುವುದು, ನಾಜಲ್ ಬದಲಿಸುವುದು. ಪೈಪ್ ಸೈಜ್ ಅಥವಾ ಪಂಪ್ ಬದಲಿಸುವ ಮಾತು, ಇವೆಲ್ಲಾ ಮುಗಿದು ಅದೇ ಜಾಗಗಳಲ್ಲಿ, ಅದೇ ವಾಲ್ವ್‌ಗಳನ್ನು ತೆರೆದು ಮತ್ತೆ ಅಳೆದ ಮೇಲೆ.