ಇಲಿಬೋನಿನ ಕೊಕ್ಕೆ, ರೈಫಲ್‌ನ ಟ್ರಿಗರ್

ನಮ್ಮ ಮನೆಯಲ್ಲಿ ಇಲಿಬೋನು ಹೂಡುವ ಕೆಲಸ ಅಪ್ಪನದು. ಮರದ ಪೆಟ್ಟಿಗೆ, ಮೇಲೆ ಬಿಗಿ ಸ್ಪ್ರಿಂಗ್, ಒಳಗೊಂದು ತಂತಿಯ ಕೊಕ್ಕೆ. ಕೊಕ್ಕೆಗೆ ಸುಟ್ಟ ಕೊಬ್ಬರಿ ಚೂರು ಚುಚ್ಚಿ, ಬಾಗಿಲೆತ್ತಿ, ಕೊಕ್ಕೆಯ ಇನ್ನೊಂದು ತುದಿಯನ್ನು ಬಾಗಿಲಿನ ತಂತಿಗೆ ತಗುಲಿಸುತ್ತಿದ್ದರು. ಎಲ್ಲ ಕಸುಬೂ ಆ ತಗುಲಿಸುವುದರಲ್ಲೇ ಇತ್ತು. ಜಾಸ್ತಿ ಸಿಕ್ಕಿಸಿದರೆ ಇಲಿ ಕೊಬ್ಬರಿ ತಿಂದು ಆರಾಮಾಗಿ ಹೊರಟುಹೋಗುತ್ತಿತ್ತು. ಕಮ್ಮಿ ಸಿಕ್ಕಿಸಿದರೆ ಬೋನು ನೆಲಕ್ಕಿಡುವಾಗಲೇ ಬಾಗಿಲು ಟಪ್ ಅಂತ ಬೀಳುತ್ತಿತ್ತು. ಅದಕ್ಕೇ ಅಪ್ಪ ಹೂಡಿದ ಮೇಲೆ ಪೆಟ್ಟಿಗೆಯ ನೆತ್ತಿಗೆ ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದರು. ಬಾಗಿಲು ನಿಂತರೆ ಮಾತ್ರ ಬೋನು ಅಟ್ಟದ ಮೂಲೆಗೆ ಹೋಗುತ್ತಿತ್ತು.

ರೈಫಲ್‌ನ ಟ್ರಿಗರ್ ಅಂದರೆ ಇದೇ ಕೊಕ್ಕೆ. ಒಂದು ಸ್ಪ್ರಿಂಗ್‌ನಲ್ಲಿ ಶಕ್ತಿ ತುಂಬಿಟ್ಟಿರುತ್ತದೆ. ಉಕ್ಕಿನ ಸಣ್ಣದೊಂದು ಅಂಚು ಅದನ್ನು ತಡೆದು ನಿಲ್ಲಿಸಿರುತ್ತದೆ. ಬೆರಳು ಆ ಅಂಚನ್ನು ಸರಿಸಿದರೆ ಶಕ್ತಿ ಬಿಡುಗಡೆಯಾಗುತ್ತದೆ. ಟ್ರಿಗರ್ ಉತ್ತಮಪಡಿಸುವುದು ಎಂದರೆ ಅದನ್ನು ಹಗುರ ಮಾಡುವುದು ಎಂದು ಅನೇಕರು ತಿಳಿದಿದ್ದಾರೆ. ನನಗೆ ಈ ವಿಷಯ ಇಷ್ಟವಾಗಿದ್ದೇ ಅದು ಹಾಗಲ್ಲ ಎಂದು ಗೊತ್ತಾದಾಗ.

ಅಮೆರಿಕದ ಎಆರ್-15 ಅನ್ನೇ ತೆಗೆದುಕೊಳ್ಳೋಣ. 1950ರ ದಶಕದ ಕೊನೆಯಲ್ಲಿ ಯೂಜೀನ್ ಸ್ಟೋನರ್ ಆರ್ಮಲೈಟ್ ಕಂಪನಿಯಲ್ಲಿದ್ದಾಗ ರೂಪುಗೊಂಡ ರೈಫಲ್ ಇದು. ಸೇನೆಯ ಎಂ16 ಹುಟ್ಟಿದ್ದು ಇದರಿಂದಲೇ. ಅದರ ಹೊಟ್ಟೆಯೊಳಗೆ ಒಂದು ಹ್ಯಾಮರ್ ಇದೆ. ಹಳೆ ಕೋವಿಗಳಲ್ಲಿ ಹೊರಗೇ ಕಾಣುತ್ತಿದ್ದ 'ಕುದುರೆ' ಇಲ್ಲಿ ಒಳಗೆ ಅಡಗಿದೆ. ಹ್ಯಾಮರ್ ಒಂದು ಪಿನ್ನಿನ ಮೇಲೆ ತಿರುಗುತ್ತದೆ, ಅದರ ಸ್ಪ್ರಿಂಗ್ ಅದನ್ನು ಸದಾ ಮುಂದಕ್ಕೆ ದೂಡುತ್ತಿರುತ್ತದೆ. ಹ್ಯಾಮರ್‌ನ ಬುಡದಲ್ಲಿ ಒಂದು ಕಚ್ಚು. ಟ್ರಿಗರ್‌ನ ಮೂತಿ ಆ ಕಚ್ಚಿನೊಳಗೆ ಕೂತಿರುತ್ತದೆ. ಬೆರಳು ಟ್ರಿಗರ್ ಎಳೆದಾಗ ಮೂತಿ ಜಾರಿ ಹೊರಬರುತ್ತದೆ, ಹ್ಯಾಮರ್ ಹಾರಿ ಫೈರಿಂಗ್ ಪಿನ್ನಿಗೆ ಬಡಿಯುತ್ತದೆ, ಪಿನ್ ತೋಟಾದ ಹಿಂಭಾಗಕ್ಕೆ ಚುಚ್ಚುತ್ತದೆ.

ಎಂ16ರಲ್ಲಿ ಟ್ರಿಗರ್ ಎಳೆಯಲು ಬೇಕಾದ ಬಲಕ್ಕೆ ಸೇನೆ ಒಂದು ಮಿತಿ ಇಟ್ಟಿದೆ. ಐದೂವರೆಯಿಂದ ಒಂಬತ್ತೂವರೆ ಪೌಂಡ್. ನಮ್ಮ ಲೆಕ್ಕದಲ್ಲಿ ಎರಡೂವರೆ ಕೆಜಿಯಿಂದ 4.3 ಕೆಜಿ. ಖಾಲಿ ರೈಫಲ್‌ನ ತೂಕ ಸುಮಾರು ಮೂರು ಕೆಜಿ. ಅಂದರೆ ಕೆಲವು ಟ್ರಿಗರ್‌ಗಳನ್ನು ಎಳೆಯಲು ಇಡೀ ರೈಫಲ್ ಎತ್ತುವುದಕ್ಕಿಂತ ಜಾಸ್ತಿ ಬಲ ಬೇಕು. ಅದೂ ಒಂದೇ ಬೆರಳಲ್ಲಿ! ಆ ಬೆರಳು ಒಂಚೂರು ಓರೆಯಾಗಿ ಎಳೆದರೂ ನಳಿಕೆ ಪಕ್ಕಕ್ಕೆ ಸರಿಯುತ್ತದೆ.

ಎಷ್ಟು ಸರಿದರೆ ಎಷ್ಟು ತಪ್ಪುತ್ತದೆ? ಲೆಕ್ಕ ಸುಲಭ. ಈ ರೈಫಲ್‌ನ ಉದ್ದ ಮಾದರಿಯಲ್ಲಿ ಹಿಂದಿನ ಗುರಿಕಿಂಡಿಗೂ ಮುಂದಿನ ಗುರಿಕಡ್ಡಿಗೂ ಸುಮಾರು 50 ಸೆಂಟಿಮೀಟರ್ ದೂರ. ಗುರಿಕಡ್ಡಿ 1 ಮಿಲಿಮೀಟರ್ ಆಚೆ ಹೋದರೆ 100 ಮೀಟರ್ ದೂರದಲ್ಲಿ ಗುಂಡು 20 ಸೆಂಟಿಮೀಟರ್ ಆಚೆ. ಅಮೆರಿಕದ ದೂರ ಗುರಿಯ ಸ್ಪರ್ಧೆಗಳಲ್ಲಿ 600 ಗಜದಿಂದ ಹೊಡೆಯುತ್ತಾರೆ, ಸುಮಾರು 550 ಮೀಟರ್. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 12 ಇಂಚು, ದೊಡ್ಡದೊಂದು ಊಟದ ತಟ್ಟೆಯಷ್ಟು. ನಡುಮಧ್ಯಕ್ಕೆ ಗುರಿಯಿಟ್ಟವನು ಆ ವೃತ್ತದಿಂದ ಹೊರಬೀಳಲು ಗುರಿಕಡ್ಡಿ ಒಂದು ಮಿಲಿಮೀಟರ್‌ನ ಏಳನೇ ಒಂದು ಭಾಗ ಅಲುಗಿದರೆ ಸಾಕು. ತಲೆಗೂದಲಿನ ಒಂದೆರಡು ಎಳೆಯಷ್ಟು ದಪ್ಪ. ನಾಲ್ಕು ಕೆಜಿ ಎಳೆಯುತ್ತಿರುವ ಬೆರಳು ಕೂದಲೆಳೆಯಷ್ಟೂ ಅಲುಗಬಾರದು ಎಂದರೆ ಕಷ್ಟ ಅಲ್ವಾ?

ನಾನು ಇದನ್ನು ಕಲಿತದ್ದು ಎನ್‌ಸಿಸಿಯಲ್ಲಿ. ರೇಂಜಿಗೆ ಹೋಗುವ ಮುಂಚೆ ಖಾಲಿ .22 ರೈಫಲ್ ಹಿಡಿದು ಬೋರಲು ಮಲಗಿ ಅಭ್ಯಾಸ ಮಾಡಿಸುತ್ತಿದ್ದರು. ನಳಿಕೆಯ ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಎಳೆಯಬೇಕು, ನಾಣ್ಯ ಬೀಳಬಾರದು. ನನ್ನದು ಪ್ರತಿ ಸಲವೂ ಬೀಳುತ್ತಿತ್ತು. 'ಕ್ಲಿಕ್' ಯಾವಾಗ ಬರುತ್ತದೋ ಎಂದು ಕಾದು ಕಾದು, ಕೊನೆಗೆ ತಡೆಯಲಾಗದೆ ಬೆರಳು ಝಟ್ಟನೆ ಜಗ್ಗಿಬಿಡುತ್ತಿತ್ತು. ಹವಾಲ್ದಾರರು ಪಕ್ಕದಲ್ಲಿ ಕೂತು ಎರಡೇ ಪದ ಹೇಳಿಕೊಟ್ಟರು: ಫಸ್ಟ್ ಪುಲ್, ಸೆಕೆಂಡ್ ಪುಲ್. ಮೊದಲ ಎಳೆತದಲ್ಲಿ ಟ್ರಿಗರ್‌ನ ಸಡಿಲ ಮುಗಿಸು, ಗೋಡೆ ಸಿಕ್ಕಂತಾದಾಗ ನಿಲ್ಲು, ಉಸಿರು ಹಿಡಿ, ಗುರಿ ನೋಡು, ಆಮೇಲೆ ಉಳಿದದ್ದನ್ನು ಒತ್ತು. ಒಂದು ವಾರಕ್ಕೆ ನಾಣ್ಯ ನಿಂತಿತು.

ಆ ಗೋಡೆ ಎಲ್ಲಿಂದ ಬರುತ್ತದೆ, ಮಾಮೂಲಿ ಟ್ರಿಗರ್‌ನಲ್ಲಿ ಅದು ಯಾಕೆ ಇರುವುದಿಲ್ಲ ಎಂಬುದರಲ್ಲೇ ಅರ್ಧ ವಿಜ್ಞಾನ ಇದೆ.

ಮೊದಲು ಘರ್ಷಣೆ. ಮೂತಿ ಕಚ್ಚಿನಿಂದ ಹೊರಬರುವಾಗ ಉಕ್ಕು ಉಕ್ಕಿಗೆ ಉಜ್ಜುತ್ತದೆ. ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಆ ಅಂಚುಗಳು ಬೆಟ್ಟಗುಡ್ಡ. ಒಂದರ ಗುಡ್ಡ ಇನ್ನೊಂದರ ಕಣಿವೆಗೆ ಸಿಕ್ಕಿ, ಬಿಡಿಸಿಕೊಂಡು, ಮತ್ತೆ ಸಿಕ್ಕಿ ಮುಂದೆ ಹೋಗುತ್ತದೆ. ನಿಂತ ವಸ್ತುವನ್ನು ಸರಿಸಲು ಬೇಕಾದ ಬಲ, ಸರಿಯುತ್ತಿರುವುದನ್ನು ಸರಿಸಲು ಬೇಕಾದ ಬಲಕ್ಕಿಂತ ಜಾಸ್ತಿ. ಹಾಗಾಗಿ ಚಲನೆ ಒಂದೇ ಸಮ ಇರದೆ ನಿಂತು-ಜಾರಿ, ನಿಂತು-ಜಾರಿ ನಡೆಯುತ್ತದೆ. ಎಣ್ಣೆ ಕಾಣದ ಬಾಗಿಲು ಕಿರ್ ಅನ್ನುವುದೂ ಇದರಿಂದಲೇ. ಬೆರಳಿಗೆ ಇದು ಮರಳಿನ ಮೇಲೆ ಎಳೆದ ಹಾಗೆ ತಾಗುತ್ತದೆ. ಹ್ಯಾಮರ್ ಹಾರುವ ಮೊದಲು ಬೆರಳಿಗೆ ತಾಗುವ ಈ ಸರಿದಾಟವನ್ನು ಶೂಟರ್‌ಗಳು ಕ್ರೀಪ್ ಅನ್ನುತ್ತಾರೆ. ಪ್ರತಿ ಜಾರಿಕೆಯಲ್ಲೂ 'ಈಗ ಹಾರಿತು' ಎಂದು ಮನಸ್ಸು ಬೆಚ್ಚುತ್ತದೆ, ಗುರಿ ಕೆಡುತ್ತದೆ.

1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮಾಂಟನ್ ಹೇಳಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಘರ್ಷಣೆ ಎಷ್ಟು ಎಂಬುದನ್ನು ತೀರ್ಮಾನಿಸುವುದು ಎರಡು ಮೇಲ್ಮೈಗಳನ್ನು ಒತ್ತಿಹಿಡಿದ ಬಲ, ತಾಗಿಕೊಂಡ ಜಾಗದ ಅಗಲ ಅಲ್ಲ. ಅಂದರೆ ಮೂತಿ ಕಚ್ಚಿನಲ್ಲಿ ಆಳವಾಗಿ ಕೂತಿದ್ದರೂ, ತುದಿಯಲ್ಲಿ ಮಾತ್ರ ಕೂತಿದ್ದರೂ ಘರ್ಷಣೆಯ ಬಲ ಹೆಚ್ಚುಕಡಿಮೆ ಅಷ್ಟೇ. ಆಳ ಕಡಿಮೆ ಮಾಡಿದರೆ ಕಮ್ಮಿಯಾಗುವುದು ಸರಿಯಬೇಕಾದ ದಾರಿ, ಬಲ ಅಲ್ಲ. ಬಲ ಕಡಿಮೆಯಾಗಬೇಕಿದ್ದರೆ ಅಂಚು ನುಣುಪಾಗಬೇಕು, ಇಲ್ಲವೇ ಸ್ಪ್ರಿಂಗ್ ಸಡಿಲವಾಗಬೇಕು, ಇಲ್ಲವೇ ಕಚ್ಚು ತಿರುಗುವ ಪಿನ್ನಿನಿಂದ ದೂರ ಹೋಗಬೇಕು. ಮೂರನೆಯದು ನಮಗೆಲ್ಲ ಗೊತ್ತಿರುವ ಸಂಗತಿ. ದೂಡಿಕೊಂಡು ಬರುತ್ತಿರುವ ಬಾಗಿಲನ್ನು ಹಿಡಿಯ ಹತ್ತಿರ ಒಂದು ಕೈಯಲ್ಲಿ ತಡೆಯಬಹುದು. ಕೀಲಿನ ಹತ್ತಿರ ತಡೆಯಲು ಹೋದರೆ ಮೈಯೆಲ್ಲ ಹಾಕಬೇಕು. ಎಆರ್-15ರ ಮಾಮೂಲಿ ಕಚ್ಚು ಕೀಲಿನ ಹತ್ತಿರವೇ ಇದೆ.

ಇನ್ನೊಂದು ಸೊಗಸಾದ ಯೋಚನೆ ಎರಡು ಹಂತದ ಟ್ರಿಗರ್. ಇಲ್ಲಿ ಒಟ್ಟು ಬಲವನ್ನು ಕಮ್ಮಿ ಮಾಡುವುದಿಲ್ಲ, ಹಂಚುತ್ತಾರೆ. ಮೊದಲ ಹಂತದಲ್ಲಿ ಬೆರಳು ಒಂದು ಸ್ಪ್ರಿಂಗ್ ವಿರುದ್ಧ ಎಳೆಯುತ್ತದೆ, ಆಗಲೇ ಮೂತಿಯ ಜಾರುದಾರಿಯ ಬಹುಭಾಗ ಮುಗಿಯುತ್ತದೆ. ಆಮೇಲೆ ಎರಡನೇ ಸ್ಪ್ರಿಂಗ್ ಅಡ್ಡ ಬರುತ್ತದೆ. ಅದೇ ಗೋಡೆ. ಉದಾಹರಣೆಗೆ ಒಟ್ಟು ನಾಲ್ಕೂವರೆ ಪೌಂಡ್‌ನಲ್ಲಿ ಎರಡೂವರೆ ಮೊದಲ ಹಂತಕ್ಕೆ, ಎರಡು ಎರಡನೆಯದಕ್ಕೆ. ಗುರಿ ಸರಿಯಾಗಿ ಕೂತ ಕ್ಷಣದಲ್ಲಿ ಬೆರಳು ಹೊಸದಾಗಿ ಸೇರಿಸಬೇಕಾದದ್ದು ಆ ಎರಡು ಪೌಂಡ್ ಮಾತ್ರ, ಒಂದು ಕೆಜಿಗೂ ಕಮ್ಮಿ. ದಾರಿಯೂ ಚೂರೇ ಉಳಿದಿರುತ್ತದೆ. ರೈಫಲ್ ಚೀಲದಲ್ಲಿದ್ದಾಗ, ಓಡುವಾಗ, ಬಿದ್ದಾಗ ಮಾತ್ರ ಪೂರ್ತಿ ಆಳ, ಪೂರ್ತಿ ಬಲ ಕಾವಲಿಗಿರುತ್ತವೆ. ಒಂದೇ ಕೊಕ್ಕೆ ಆಳವೂ ಹೌದು, ತೆಳುವೂ ಹೌದು. ಅಪ್ಪನ ಬೋನಿಗೆ ಇಂಥದ್ದೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಇದು ಇವತ್ತಿನ ಯೋಚನೆಯಲ್ಲ. 1888ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ದುಡಿದ ಜಾನ್ ಗ್ಯಾರಂಡ್ ರೂಪಿಸಿದ ಎಂ1 ರೈಫಲ್‌ನಲ್ಲೇ ಎರಡು ಹಂತದ ಟ್ರಿಗರ್ ಇತ್ತು. 1936ರಲ್ಲಿ ಅಮೆರಿಕದ ಸೇನೆ ಅದನ್ನು ತೆಗೆದುಕೊಂಡಿತು, 50 ಲಕ್ಷಕ್ಕೂ ಮಿಕ್ಕಿ ತಯಾರಾದವು. ಗುಂಡು ಹಾರಿದಾಗಲೂ ಬೆರಳು ಟ್ರಿಗರ್ ಹಿಡಿದೇ ಇರುತ್ತದಲ್ಲ, ಆಗ ಹಿಂದಕ್ಕೆ ಮಡಚಿದ ಹ್ಯಾಮರ್ ಅನ್ನು ಒಂದು ಕೊಕ್ಕೆ ಹಿಡಿದುಕೊಳ್ಳುತ್ತದೆ. ಬೆರಳು ಬಿಟ್ಟಾಗ ಅದು ಹ್ಯಾಮರ್ ಅನ್ನು ಮುಂದಿನ ಕೊಕ್ಕೆಗೆ ಒಪ್ಪಿಸುತ್ತದೆ. ಎಆರ್-15ರಲ್ಲಿ ಆ ಹಿಂದಿನ ಕೊಕ್ಕೆಯ ಕೆಲಸ ಮಾಡುವ ಭಾಗಕ್ಕೆ ಡಿಸ್ಕನೆಕ್ಟರ್ ಎಂದು ಹೆಸರು. ಒಂದು ಎಳೆತಕ್ಕೆ ಒಂದೇ ಗುಂಡು ಎಂಬ ಶಿಸ್ತು ನಿಂತಿರುವುದು ಈ ಹೆಬ್ಬೆರಳುಗಾತ್ರದ ತುಂಡಿನ ಮೇಲೆ.

ಆ ಶಿಸ್ತಿಗೆ ಕಾನೂನಿನ ತೂಕವೂ ಇದೆ. ಅಮೆರಿಕದ 1934ರ ಕಾಯ್ದೆ ಮೆಷಿನ್‌ಗನ್ ಅನ್ನು ಗುರುತಿಸುವುದೇ ಟ್ರಿಗರ್‌ನ ಒಂದು ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಗುಂಡು ತಾನಾಗಿ ಹಾರುತ್ತದೆಯೇ ಎಂಬುದರಿಂದ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನಲ್ಲಿ ನಡೆದ ಹತ್ಯಾಕಾಂಡದಲ್ಲಿ ಬಂಪ್ ಸ್ಟಾಕ್ ಎಂಬ ಸಾಧನ ಬಳಕೆಯಾಗಿತ್ತು. ರೈಫಲ್ ಹಿಂದಕ್ಕೆ ಒದೆಯುವ ಬಲವನ್ನೇ ಬಳಸಿ ಟ್ರಿಗರ್ ಮತ್ತೆ ಮತ್ತೆ ಬೆರಳಿಗೆ ಬಡಿಯುವಂತೆ ಮಾಡಿ, ಗುಂಡುಗಳನ್ನು ಬೇಗ ಬೇಗ ಹಾರಿಸುವ ಹಿಡಿ ಅದು. ಅದರ ನಿಷೇಧದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜೂನ್‌ನಲ್ಲಿ ಕೋರ್ಟು 6–3ರಲ್ಲಿ ನಿಷೇಧವನ್ನು ತಳ್ಳಿಹಾಕಿತು. ಆ ತೀರ್ಪಿನೊಳಗೆ ಹ್ಯಾಮರ್, ಟ್ರಿಗರ್, ಡಿಸ್ಕನೆಕ್ಟರ್‌ಗಳ ರೇಖಾಚಿತ್ರಗಳೇ ಇವೆ. ಅಷ್ಟೊಂದು ಜೀವಗಳ ಪ್ರಶ್ನೆ ಕೊನೆಗೆ ಇಷ್ಟು ಸಣ್ಣ ಕೊಕ್ಕೆಗೆ ಬಂದು ನಿಂತದ್ದನ್ನು ಓದುವಾಗ ನನಗೆ ಸಂಕಟವಾಯಿತು. ನಮ್ಮಲ್ಲಂತೂ ಸಾಮಾನ್ಯ ಜನರಿಗೆ ಸೆಮಿ ಆಟೊಮ್ಯಾಟಿಕ್ ರೈಫಲ್‌ಗೆ, ಅಂದರೆ ಎಳೆತಕ್ಕೊಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವಂಥದ್ದಕ್ಕೆ, ಲೈಸೆನ್ಸ್ ಸಿಗುವುದಿಲ್ಲ. ಅದು ಹಾಗೇ ಇರಲಿ ಎನ್ನುವವನು ನಾನು.

ಸರಿ, ಹಗುರ ಅಷ್ಟು ಒಳ್ಳೆಯದಾದರೆ ಇನ್ನೂ ಹಗುರ ಮಾಡಿದರೇನು? 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಟ್ರಿಗರ್‌ಗೆ ಕನಿಷ್ಠ ತೂಕದ ನಿಯಮವೇ ಇಲ್ಲ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಹೊಡೆದು ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಆ ರೈಫಲ್‌ಗಳ ಟ್ರಿಗರ್ ಬೆರಳು ಸೋಕಿದರೆ ಸಾಕು ಎನ್ನುವಷ್ಟು ನಾಜೂಕು. ಆದರೆ ಅಲ್ಲಿ ಒಂದು ಗುಂಡು ಹಾರಿದ ಮೇಲೆ ಶೂಟರ್ ತಾನೇ ಇನ್ನೊಂದನ್ನು ತುಂಬುತ್ತಾನೆ. ಒಳಗೆ ಏನೂ ದಡಬಡ ಇಲ್ಲ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಪ್ರತಿ ಗುಂಡಿಗೂ, ತೋಟಾವನ್ನು ನಳಿಕೆಗೆ ತಳ್ಳುವ ಉಕ್ಕಿನ ಬೋಲ್ಟ್ ಹಿಂದಕ್ಕೆ ಹಾರಿ, ಹ್ಯಾಮರ್ ಅನ್ನು ಮಡಚಿ, ಮುಂದಕ್ಕೆ ಬಂದು ಧಡ್ ಅಂತ ಬಡಿಯುತ್ತದೆ. ಅಪ್ಪ ಬೋನಿನ ನೆತ್ತಿಗೆ ಬೆರಳಲ್ಲಿ ತಟ್ಟುತ್ತಿದ್ದರು, ಇಲ್ಲಿ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಕಚ್ಚಿನ ಆಳ ಸಾಲದಿದ್ದರೆ ಆ ಪೆಟ್ಟಿಗೇ ಮೂತಿ ಜಾರಬಹುದು. ಬೆರಳು ಕೇಳದ ಎರಡನೇ ಗುಂಡು ಹಾರಬಹುದು. ಅಂಚಿನ ಮೇಲಿನ ಗಟ್ಟಿ ಪದರ ತೆಳುವಾಗಿದ್ದು, ಉಜ್ಜುವ ಭರದಲ್ಲಿ ಅದು ಹೋದರೆ ಒಳಗಿನ ಮೆದು ಉಕ್ಕು ಬೇಗ ಸವೆಯುತ್ತದೆ. ಇವತ್ತು ಚೆನ್ನಾಗಿದ್ದದ್ದು ಇನ್ನೂರು ಗುಂಡಿನ ನಂತರ ಅಪಾಯ. ಮನೆಯಲ್ಲಿ ಅರ ಹಿಡಿದು ಟ್ರಿಗರ್ ತಿದ್ದಬಾರದು ಎಂದು ತಿಳಿದವರು ಹೇಳುವುದು ಸುಮ್ನೆ ಅಲ್ಲ.

ಹ್ಯಾಮರ್‌ನ ಸ್ಪ್ರಿಂಗ್ ಸಡಿಲಿಸುವುದೂ ಪುಕ್ಕಟೆ ಅಲ್ಲ. ತೋಟಾದ ಹಿಂಭಾಗದ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು, ಹೊತ್ತಿಕೊಳ್ಳಲು ಇಂತಿಷ್ಟು ಪೆಟ್ಟು ಬೇಕೇ ಬೇಕು. ಸೇನೆಯ ತೋಟಾಗಳ ಪ್ರೈಮರ್ ಇನ್ನೂ ಗಟ್ಟಿ. ಪೆಟ್ಟು ಸಾಲದಿದ್ದರೆ 'ಕ್ಲಿಕ್' ಅಷ್ಟೇ. ಜೊತೆಗೆ ಹ್ಯಾಮರ್ ನಿಧಾನವಾದರೆ ಬೆರಳು ಎಳೆದದ್ದಕ್ಕೂ ಗುಂಡು ಹಾರುವುದಕ್ಕೂ ನಡುವಿನ ಕೆಲವು ಮಿಲಿಸೆಕೆಂಡ್‌ಗಳು ಹಿಗ್ಗುತ್ತವೆ. ಅಷ್ಟರಲ್ಲೂ ನಳಿಕೆ ಅಲೆದಾಡುತ್ತಲೇ ಇರುತ್ತದೆ.

ತೂಕ ಇಳಿಸಿದ್ದೇ ರಕ್ಷಣೆಯಾದ ಉದಾಹರಣೆಯೂ ಒಂದಿದೆ. ಅದು ರೈಫಲ್ ಅಲ್ಲ, ಸಿಗ್ ಸೌಯರ್ ಕಂಪನಿಯ ಪಿ320 ಪಿಸ್ತೂಲು. ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ಬಿದ್ದರೆ ಅದು ತಾನೇ ಹಾರುತ್ತದೆ ಎಂದು 2017ರಲ್ಲಿ ಬೆಳಕಿಗೆ ಬಂತು. ಕಾರಣ ಜಡತ್ವ. ಪಿಸ್ತೂಲು ನೆಲಕ್ಕೆ ಬಡಿದು ಥಟ್ಟನೆ ನಿಲ್ಲುತ್ತದೆ, ಭಾರದ ಟ್ರಿಗರ್ ಮಾತ್ರ ತನ್ನ ದಾರಿ ಹಿಡಿದು ಮುಂದುವರಿಯುತ್ತದೆ. ಬ್ರೇಕ್ ಹಾಕಿದ ಬಸ್ಸಿನಲ್ಲಿ ನಾವು ಮುಗ್ಗರಿಸುವ ಹಾಗೆ. ಬೆರಳೇ ಇಲ್ಲದೆ ಟ್ರಿಗರ್ ಎಳೆದಂತಾಗುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಕಂಪನಿ ಪ್ರಕಟಿಸಿದ ಬದಲಾವಣೆಯಲ್ಲಿ ಮುಖ್ಯವಾದದ್ದು ಹಗುರವಾದ ಟ್ರಿಗರ್. ಎಳೆಯುವ ಬಲ ಅಲ್ಲ, ಟ್ರಿಗರ್ ಎಂಬ ತುಂಡಿನ ಸ್ವಂತ ತೂಕ ಇಳಿದದ್ದು. ಇವೆರಡನ್ನೂ ಒಂದೇ ಎಂದು ತಿಳಿಯುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಒಹಾಯೋದಲ್ಲಿ ಈರೀ ಸರೋವರದ ದಂಡೆಗೆ ಕ್ಯಾಂಪ್ ಪೆರ್ರಿ ಎಂಬ ಜಾಗವಿದೆ. 1907ರಿಂದ ಅಮೆರಿಕದ ರಾಷ್ಟ್ರೀಯ ಗುರಿ ಸ್ಪರ್ಧೆಗಳ ಮನೆ. ಎಂ1 ಗ್ಯಾರಂಡ್ ಹಿಡಿದು ಬರುವವರ ಟ್ರಿಗರ್ ಅಲ್ಲಿ ನಾಲ್ಕೂವರೆ ಪೌಂಡ್‌ಗಿಂತ ಕಮ್ಮಿ ಇರುವಂತಿಲ್ಲ. ಪರೀಕ್ಷೆ ತೀರಾ ಸರಳ. ಖಾಲಿ ರೈಫಲ್‌ನ ಹ್ಯಾಮರ್ ಮಡಚಿ, ನಳಿಕೆ ಆಕಾಶಕ್ಕೆ ಮಾಡಿ ನಿಲ್ಲಿಸುತ್ತಾರೆ. ನೆಲದ ಮೇಲೆ ನಾಲ್ಕೂವರೆ ಪೌಂಡ್‌ನ ತೂಕದ ಕಲ್ಲು, ಅದಕ್ಕೊಂದು ಉದ್ದ ಕಡ್ಡಿ, ಕಡ್ಡಿಯ ತುದಿಯಲ್ಲಿ ಕೊಕ್ಕೆ. ಕೊಕ್ಕೆಯನ್ನು ಟ್ರಿಗರ್‌ಗೆ ಸಿಕ್ಕಿಸಿ ರೈಫಲ್ ಅನ್ನು ನಿಧಾನವಾಗಿ ಮೇಲೆತ್ತುತ್ತಾರೆ. ಮೊದಲ ಹಂತ ಸರಿಯುತ್ತದೆ. ಗೋಡೆ ಸಿಗುತ್ತದೆ. ತೂಕ ನೆಲ ಬಿಟ್ಟು ಮೇಲೇಳುತ್ತದೆ. ಈಗ ಎರಡು ಕೆಜಿ ಭಾರ ಉಕ್ಕಿನ ಆ ಒಂದು ಅಂಚಿಗೆ ಜೋತುಬಿದ್ದಿದೆ, ಸುತ್ತ ನಿಂತವರು ಕಿವಿ ಕೊಟ್ಟಿದ್ದಾರೆ. 'ಕ್ಲಿಕ್' ಕೇಳಿಸದಿದ್ದರೆ ರೈಫಲ್ ಪಾಸು.