ಬಾಣಂತಿ ಕೋಣೆಯಲ್ಲಿ ರಾತ್ರಿ ಶೇಗಡಿ ಇಡಬಹುದೇ?

ಪ್ರಶ್ನೆ: "ಮಗಳು ಬಾಣಂತನಕ್ಕ ಬಂದಾಳ. ಕೂಸಿಗೆ ಇನ್ನಾ ಇಪ್ಪತ್ತು ದಿನ. ಈ ವಾರ ಥಂಡಿ ಭಾಳ ಬೀಳ್ತದ ಅಂತ ಟೀವಿಯಾಗ ಹೇಳ್ಯಾರ. ಹೊರಸಿನ ಕೆಳಗ ಕೆಂಡದ ಶೇಗಡಿ ಇಟ್ಟು, ಬಾಗಿಲು-ಕಿಡಕಿ ಹಾಕ್ರಿ ಅಂತಾರ ನಮ್ಮ ಅತ್ತಿ. ಅಳಿಯರು ಫೋನ್ ಹಚ್ಚಿ ಬ್ಯಾಡೇ ಬ್ಯಾಡ ಅಂತಾರ. ಯಾರ ಮಾತು ಕೇಳೋದು?" (ಬೀದರ್ ಜಿಲ್ಲೆಯ ಓದುಗರೊಬ್ಬರು)

ಉತ್ತರ: ಅಳಿಯನ ಮಾತು ಕೇಳಿ. ಇವತ್ತು ರಾತ್ರಿಯಿಂದಲೇ ಶೇಗಡಿ ಕೋಣೆಯ ಹೊರಗಿರಲಿ. ಉಳಿದದ್ದನ್ನು ನಾಳೆ ಓದಿದರೂ ನಡೆಯುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳದೇ ಹೋಗಬಹುದು, ಅದೂ ಮನೆಮಂದಿಯೆಲ್ಲ ಒಟ್ಟಿಗೆ.

ಹಾಗಂತ ಅತ್ತೆಯವರನ್ನು ಗದರಬೇಡಿ. ಬಾಣಂತಿ, ಕೂಸು ಬೆಚ್ಚಗಿರಬೇಕು ಎಂಬ ಅವರ ಮಾತು ನೂರಕ್ಕೆ ನೂರು ಸರಿ. ಅವರ ಕಾಲದಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು ಎನ್ನುವುದೂ ಸುಳ್ಳಲ್ಲ. ಆದರೆ ಅವರು ಬಾಣಂತನ ಮಾಡಿಸಿಕೊಂಡ ಮನೆ ಬೇರೆ, ಈಗ ನಿಮ್ಮ ಮಗಳು ಮಲಗಿರುವ ಮನೆ ಬೇರೆ.

ನನ್ನ ಅಜ್ಜಿಯ ಮನೆ ಆಳಂದದ ಕಡೆಯ ಒಂದು ಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡು ಮೊಳ ದಪ್ಪ, ಅಡುಗೆಮನೆಯ ನೆತ್ತಿಯಲ್ಲಿ ಗೇಣಗಲದ ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಮಾಳಿಗೆ ಏರಿ ಅದರ ಮೇಲೆ ಕಲ್ಲು ಎಳೆಯಬೇಕು, ಉಳಿದ ದಿನ ಅದು ತೆರೆದೇ ಇರುತ್ತಿತ್ತು. ಬಾಗಿಲ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಅಜ್ಜಿ ಶೇಗಡಿ ಇಟ್ಟರೆ ಬಿಸಿಗಾಳಿ ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು, ಬಾಗಿಲ ಸಂದಿನಿಂದ ತಣ್ಣನೆ ಗಾಳಿ ಒಳಗೆ ಬರುತ್ತಿತ್ತು. ಆ ಗಾಳಿಗೆ ನಾವೆಲ್ಲ ಬೈಯುತ್ತಿದ್ದೆವು. ನಮ್ಮನ್ನು ಉಳಿಸಿದ್ದು ಅದೇ. ಅಷ್ಟಿದ್ದೂ ಒಮ್ಮೊಮ್ಮೆ ಬೆಳಿಗ್ಗೆ ತಲೆ ಸಿಡಿಯುತ್ತ ಏಳುತ್ತಿದ್ದೆವು. "ಥಂಡಿ ತಲಿಗೆ ಏರ್ಯದ" ಎಂದು ಅಜ್ಜಿ ಸುಂಠಿ ಅರೆದು ಹಣೆಗೆ ಹಚ್ಚುತ್ತಿದ್ದಳು. ಅದು ಥಂಡಿಯಲ್ಲ, ಕೆಂಡದ ವಿಷ ಇದ್ದಿರಬೇಕು ಎಂದು ಈಗ ಅನಿಸುತ್ತದೆ.

ಈಗಿನ ಆರ್‌ಸಿಸಿ ಮನೆಯಲ್ಲಿ ಬೆಳಕಿಂಡಿ ಎಲ್ಲಿದೆ? ಹತ್ತಡಿ-ಹತ್ತಡಿ ಕೋಣೆ, ರಬ್ಬರ್ ಪಟ್ಟಿ ಹಾಕಿದ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಕೂಸಿಗೆ ಗಾಳಿ ತಾಗದಿರಲಿ ಎಂದು ಬಾಗಿಲ ಕೆಳಗೆ ತುರುಕಿದ ಹಳೆಯ ಸೀರೆ. ಒಳಗಿನ ಗಾಳಿ ಒಳಗೇ.

ಇನ್ನು ಕೆಂಡದ ವಿಷಯ. ಶೇಗಡಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಇದ್ದಿಲು ಚೆನ್ನಾಗಿ ಹತ್ತಿಕೊಂಡಾಗ ಕೆಂಪು ಕೆಂಡದ ಮೇಲೆ ಸಣ್ಣಸಣ್ಣ ನೀಲಿ ಜ್ವಾಲೆಗಳು ಕುಣಿಯುತ್ತವೆ. ಆ ನೀಲಿಯಲ್ಲಿ ಉರಿಯುತ್ತಿರುವುದೇ ಕಾರ್ಬನ್ ಮಾನಾಕ್ಸೈಡ್. ತಳದಲ್ಲಿ ಇದ್ದಿಲು ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ನಿಗಿನಿಗಿ ಕೆಂಡದ ನಡುವೆ ಹಾದು ಬರುವಾಗ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಜ್ವಾಲೆ ಇರುವವರೆಗೆ ಅದರಲ್ಲಿ ಬಹುಪಾಲು ಅಲ್ಲೇ ಸುಟ್ಟುಹೋಗುತ್ತದೆ. ಜ್ವಾಲೆ ಅಡಗಿ, ಕೆಂಡದ ಮೇಲೆ ಬೂದಿ ಕವಿದು, ಹೊಗೆಯೆಲ್ಲ ನಿಂತ ಮೇಲೆ ಏನಾಗುತ್ತದೆ? ಸುಡದ ಮಾನಾಕ್ಸೈಡ್ ನೇರ ಕೋಣೆಗೆ ಬರುತ್ತದೆ. ನಾವೋ, "ಹೊಗಿ ಹೋತು, ಇನ್ನ ಒಳಗ ತರ್ರಿ" ಎನ್ನುವುದು ಸರಿಯಾಗಿ ಅದೇ ಹೊತ್ತಿಗೆ. ಹೊಗೆ ಇದ್ದರೆ ಕೆಮ್ಮು ಬರುತ್ತದೆ, ಕಣ್ಣು ಉರಿಯುತ್ತದೆ, ಎದ್ದು ಬಾಗಿಲು ತೆಗೆಯುತ್ತೇವೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗಿಗೆ ಉರಿಯೂ ಇಲ್ಲ.

ರಕ್ತದಲ್ಲಿ ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವೇ ಸಿಗುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸುವುದು, ಕೈಕಾಲು ಸೋಲುವುದು, ಮಂಪರು. ಎಚ್ಚರವಿದ್ದವರಿಗೆ ಇಷ್ಟು ಸೂಚನೆಯಾದರೂ ಸಿಗುತ್ತದೆ. ನಿದ್ದೆಯಲ್ಲಿದ್ದವರಿಗೆ ಅದೂ ಇಲ್ಲ, ನಿದ್ದೆಯೇ ಗಾಢವಾಗುತ್ತ ಹೋಗುತ್ತದೆ. ಕೂಸುಗಳು ನಮಗಿಂತ ಬೇಗಬೇಗ ಉಸಿರಾಡುವುದರಿಂದ ಅವುಗಳಿಗೆ ವಿಷವೂ ಬೇಗ ಏರುತ್ತದೆ. ಬಸುರಿಯರಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೆ ಇನ್ನೂ ಹೆಚ್ಚಿನ ಅಪಾಯ.

ಪ್ರತಿ ಚಳಿಗಾಲದಲ್ಲೂ ಕೇಳಿಬರುವ ಕೆಲವು ಮಾತುಗಳಿವೆ. ಶೇಗಡಿಯ ಪಕ್ಕ ನೀರಿನ ಬೋಗುಣಿ ಇಟ್ಟರೆ ಸಾಕು ಎನ್ನುವುದು ಒಂದು. ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಕೊಳಗ ಇಟ್ಟರೂ ಪ್ರಯೋಜನವಿಲ್ಲ. ಅದು ಕೆಳಗೆ ಕೂಡುತ್ತದೆ, ಹೊರಸಿನ ಮೇಲೆ ಮಲಗಿದವರಿಗೆ ತಾಗದು ಎನ್ನುವುದು ಇನ್ನೊಂದು. ಅದರ ತೂಕ ಗಾಳಿಗಿಂತ ಒಂದಿಷ್ಟು ಕಡಿಮೆಯೇ, ಹಾಗಾಗಿ ಕೋಣೆ ತುಂಬ ಬೆರೆಯುತ್ತದೆ. ಕಿಟಕಿ ನಾಲ್ಕು ಬೆರಳು ತೆರೆದಿಟ್ಟರೆ ಆಗದೇ ಎಂದು ಹಲವರು ಕೇಳುತ್ತಾರೆ. ಅಪಾಯ ಕಡಿಮೆಯಾಗಬಹುದು, ಆದರೆ ಎಷ್ಟು ಕಡಿಮೆ ಎಂದು ಹೇಳಲು ಬಾರದು. ಗಾಳಿ ಬೀಸುತ್ತಿದೆಯೋ, ನಿಂತಿದೆಯೋ, ಕೆಂಡ ಎಷ್ಟಿದೆ, ಎಲ್ಲವನ್ನೂ ಅದು ಅವಲಂಬಿಸಿದೆ. ಜೊತೆಗೆ ನಡುರಾತ್ರಿ ಚಳಿಗೆ ಎದ್ದ ಯಾರೋ ಆ ಕಿಟಕಿಯನ್ನು ಹಾಕಿಯೇ ಹಾಕುತ್ತಾರೆ.

ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಇನ್ನೂ ಅಲಮಾರಿಯಲ್ಲಿ ಇರಬಹುದು. ಇಲ್ಲಿ ಅದನ್ನು ನಂಬಬೇಡಿ. ಬೆರಳಿಗೆ ಸಿಕ್ಕಿಸುವ ಆ ಸಾಧನಕ್ಕೆ ಮಾನಾಕ್ಸೈಡ್ ಹಿಡಿದ ರಕ್ತಕ್ಕೂ ಆಮ್ಲಜನಕ ಹಿಡಿದ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮನುಷ್ಯ ಸಾಯುತ್ತಿದ್ದರೂ 98 ತೋರಿಸಬಹುದು.

ಸೆಕೆಯ ನಾಡಿನವರೇ ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತಾರೆ, ಯಾಕೆಂದರೆ ನಮಗೆ ಇದು ವರ್ಷಕ್ಕೆ ನಾಲ್ಕು ದಿನದ ಸಂಗತಿ. 2020ರ ಜನವರಿಯಲ್ಲಿ ಕೇರಳದ ಪ್ರವಾಸಿಗರು ನೇಪಾಳದ ದಾಮನ್ ಎಂಬ ಬೆಟ್ಟದೂರಿನಲ್ಲಿ ತಂಗಿದ್ದರು. ಚಳಿ ತಾಳದೆ ಎಂಟು ಜನ ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ, ಬಾಗಿಲು ಕಿಟಕಿ ಭದ್ರಮಾಡಿ ಮಲಗಿದರು. ಎಂಟೂ ಜನ ತೀರಿಕೊಂಡರು, ಅವರಲ್ಲಿ ನಾಲ್ವರು ಮಕ್ಕಳು. ಮರುವರ್ಷ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಎಂದೂ ಕಾಣದ ಚಳಿ ಬಿದ್ದು, ಲಕ್ಷಾಂತರ ಮನೆಗಳಿಗೆ ವಿದ್ಯುತ್ ಹೋಯಿತು. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಿರುವ ನಮ್ಮವರಿಗೂ ಆ ವಾರ ನೆನಪಿದೆ. ಜನ ಇದ್ದಿಲಿನ ಗ್ರಿಲ್ಲನ್ನು ಮನೆಯೊಳಗೆ ತಂದರು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಅದರೊಳಗೆ ಕುಳಿತರು. ಆ ರಾಜ್ಯ ಸರ್ಕಾರ ಲೆಕ್ಕ ಹಾಕಿದ 246 ಸಾವುಗಳಲ್ಲಿ 19 ಈ ಅನಿಲದಿಂದ ಆದವು.

ನಮ್ಮಲ್ಲಿ ಇದರ ಇನ್ನೊಂದು ರೂಪ ಬಚ್ಚಲುಮನೆಯ ಗ್ಯಾಸ್ ಗೀಸರ್. ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ಯಾಕೆಂದರೆ ಕಂಪನಿಯವರು ಬೇಕೆಂದೇ ವಾಸನೆ ಸೇರಿಸಿರುತ್ತಾರೆ. ಉರಿದ ಗ್ಯಾಸಿನಿಂದ ಹುಟ್ಟುವ ಮಾನಾಕ್ಸೈಡಿಗೆ ಅದೂ ಇಲ್ಲ. ಗೀಸರ್ ಬಚ್ಚಲಿನ ಹೊರಗಿರಲಿ. ಈಗಲೇ ಬದಲಿಸಲಾಗದಿದ್ದರೆ ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆಯೇ ಸ್ನಾನಕ್ಕೆ ಹೋಗಿ.

ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಇಬ್ಬರು-ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ ಎಂದರೆ ರಾತ್ರಿಯ ಊಟವನ್ನು ದೂರುವ ಮೊದಲು ಕೋಣೆಯಲ್ಲಿ ಏನು ಉರಿದಿತ್ತು ಎಂದು ನೋಡಿ. ಅನುಮಾನ ಬಂದರೆ ಬಾಗಿಲು ತೆರೆದು ಎಲ್ಲರನ್ನೂ ಬಯಲಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತೇ "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು" ಎಂದಾಗಿರಲಿ, ಇಲ್ಲದಿದ್ದರೆ ಡಾಕ್ಟರು ಬೇರೆಯದನ್ನು ಹುಡುಕುತ್ತ ಕೂರಬಹುದು. ಬರೀ ಗಾಳಿಯಲ್ಲಿ ಉಸಿರಾಡಿದರೆ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದು-ಒಂದೂವರೆ ತಾಸು. ಹೊರಗೆ ಬಂದಕೂಡಲೇ ಹಗುರಾಯಿತು ಎಂದು ಮನೆಯಲ್ಲೇ ಉಳಿಯಬೇಡಿ. ಕೆಲವರಿಗೆ ವಾರಗಳ ನಂತರ ಮರೆವು, ಗೊಂದಲ ಕಾಣಿಸಿಕೊಳ್ಳುವುದುಂಟು.

ಹಾಗಾದರೆ ಬೆಚ್ಚಗೆ ಇರುವುದು ಹೇಗೆ? ಬೇಸಿಗೆಯಲ್ಲಿ 42 ಡಿಗ್ರಿ ಕಾಯುವ ಊರುಗಳಿವು. ಡಿಸೆಂಬರ್, ಜನವರಿಯಲ್ಲಿ ಆಕಾಶದಲ್ಲಿ ಮೋಡವಿರುವುದಿಲ್ಲ, ಗಾಳಿಯಲ್ಲಿ ತೇವವಿರುವುದಿಲ್ಲ. ಹಗಲು ಕಾದ ನೆಲದ ಬಿಸಿಯನ್ನು ತಡೆದಿಡಲು ಮೇಲೆ ಏನೂ ಇಲ್ಲ. ಅದರ ಮೇಲೆ ಬಡಗಣ ಗಾಳಿ ಸೇರಿದರೆ ಬೀದರ್, ಕಲಬುರಗಿ, ವಿಜಯಪುರಗಳಲ್ಲಿ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬಯಲುನಾಡಿನಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿಗೋ ಅದಕ್ಕಿಂತ ಕೆಳಗೋ ಇಳಿದು, ವಾಡಿಕೆಗಿಂತಲೂ 4.5 ಡಿಗ್ರಿಯಾದರೂ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಕರೆಯುತ್ತದೆ. ವಾಡಿಕೆಗಿಂತ 6.4 ಡಿಗ್ರಿಗೂ ಹೆಚ್ಚು ಇಳಿದರೆ ತೀವ್ರ ಶೀತಗಾಳಿ. ಆದರೆ ಮಧ್ಯಾಹ್ನದ ಬಿಸಿಲು ಮಾತ್ರ ಇದ್ದೇ ಇರುತ್ತದೆ. ನಮ್ಮ ತಯಾರಿ ಅದರಿಂದಲೇ ಶುರುವಾಗಬೇಕು. ಹತ್ತು ಗಂಟೆಯಿಂದ ನಾಲ್ಕರವರೆಗೆ ಕೋಣೆಯ ಕಿಟಕಿ ತೆರೆದು ಬಿಸಿಲು ಒಳಗೆ ಬಿಡಿ, ಹಾಸಿಗೆ, ಕೌದಿಗಳನ್ನು ಮಾಳಿಗೆ ಮೇಲೆ ಒಣಹಾಕಿ. ಹೊತ್ತು ಮುಳುಗುವ ಮೊದಲೇ ಕಿಟಕಿ ಹಾಕಿ, ಪರದೆ ಎಳೆಯಿರಿ. ಪತ್ರಾಸಿನ ಮನೆಯಾದರೆ ತಗಡಿನ ಕೆಳಗೆ ಹಳೆಯ ಸೀರೆ, ಚಾದರ ಅಡ್ಡಕಟ್ಟಿ. ಮಲಗಿದವರ ಮೇಲೆ ತಣ್ಣನೆ ತಗಡು ನೇರ ಕವಿಯುವುದು ತಪ್ಪುತ್ತದೆ.

ನಾವು ಹೊದೆಯುವುದಕ್ಕೆ ಕೊಡುವ ಗಮನವನ್ನು ಹಾಸುವುದಕ್ಕೆ ಕೊಡುವುದಿಲ್ಲ. ನಮ್ಮ ಕಡೆ ನೆಲವೆಲ್ಲ ಶಹಾಬಾದ್ ಕಲ್ಲು, ಬೇಸಿಗೆಗೆ ಸ್ವರ್ಗ. ಚಳಿಯಲ್ಲಿ ಅದು ಮೈಯ ಬಿಸಿಯನ್ನು ರಾತ್ರಿಯಿಡೀ ಹೀರುತ್ತದೆ. ಮೇಲೆ ಎರಡು ಕೌದಿ ಹೊದ್ದು ಕೆಳಗೆ ಬರೀ ಚಾಪೆ ಹಾಸಿದರೆ ನಡುಕ ನಿಲ್ಲುವುದಿಲ್ಲ. ನೆಲದ ಮೇಲೆ ಮೊದಲು ಗೋಣಿಚೀಲ, ಅದರ ಮೇಲೆ ಜಮಖಾನ, ಅದರ ಮೇಲೆ ಒಂದು ಕೌದಿ. ಹೊರಸಿನ ಮೇಲೆ ಮಲಗುವವರಿಗೂ ಇದೇ ಮಾತು, ಹುರಿಯ ಸಂದಿನಿಂದ ತಣ್ಣನೆ ಗಾಳಿ ಬೆನ್ನಿಗೆ ತಾಗುತ್ತದೆ. ಕೌದಿಯ ಗುಟ್ಟೂ ಪದರದಲ್ಲೇ ಇದೆ. ಹಳೆಯ ಸೀರೆ, ಧೋತರಗಳ ಪದರಗಳ ನಡುವೆ ನಿಂತ ಗಾಳಿಯೇ ಬಿಸಿಯನ್ನು ಹಿಡಿದಿಡುವುದು. ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಅಂಗಿ ಮೇಲು ಎನ್ನುವುದೂ ಇದಕ್ಕೇ.

ಕರೆಂಟ್ ಹೀಟರ್‌ನಿಂದ ಮಾನಾಕ್ಸೈಡ್ ಬರುವುದಿಲ್ಲ, ಬೇಕಾದರೆ ಬಳಸಿ. ಆದರೆ 2,000 ವಾಟ್‌ನ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಿಗಾಗಲಿ ಎಕ್ಸ್‌ಟೆನ್ಶನ್ ಬೋರ್ಡಿಗಾಗಲಿ ಹಾಕಿದರೆ ವೈರು ಕರಗಿ ಬೆಂಕಿ ಹತ್ತುತ್ತದೆ. 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು, ಹಾಸಿಗೆಯಿಂದ ಮೂರು-ನಾಲ್ಕು ಅಡಿ ದೂರ ಇರಬೇಕು. ಮಲಗುವ ಮೊದಲು ಆರಿಸಿ.

ಕೂಸಿಗೆ ಎಲ್ಲಕ್ಕಿಂತ ಒಳ್ಳೆಯ ಶೇಗಡಿ ತಾಯಿಯ ಎದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ, ಇನ್‌ಕ್ಯುಬೇಟರ್‌ಗಳು ಸಾಲದೆ, ತೂಕ ಕಡಿಮೆಯಿದ್ದ ಕೂಸುಗಳನ್ನು ತಾಯಂದಿರ ಬರಿಯ ಎದೆಗೆ ಅಪ್ಪಿಸಿ ಕಟ್ಟತೊಡಗಿದರು. ಈಗ ನಮ್ಮ ಸರ್ಕಾರಿ ಆಸ್ಪತ್ರೆಗಳೂ ಅದನ್ನು ಕಾಂಗರೂ ಆರೈಕೆ ಎಂದು ಕಲಿಸುತ್ತವೆ. ನಿಮ್ಮ ಮಗಳು ದಿಂಬಿಗೆ ಒರಗಿ ಕುಳಿತು, ಕೂಸಿನ ತಲೆಗೆ ಕುಂಚಿಗೆ ಕಟ್ಟಿ, ಮೈಗೆ ಮೈ ತಾಗುವಂತೆ ಎದೆಗಪ್ಪಿಕೊಳ್ಳಲಿ, ಮೇಲಿಂದ ಶಾಲು ಹೊದೆಸಿ. ಮುಖ ಮಾತ್ರ ಯಾವಾಗಲೂ ಹೊರಗಿರಬೇಕು. ಮಗಳಿಗೆ ಜೊಂಪು ಹತ್ತಿದರೆ ನೀವೋ ಅತ್ತೆಯವರೋ ಎತ್ತಿಕೊಳ್ಳಿ. ಆಗಾಗ ಕೂಸಿನ ಹೊಟ್ಟೆ, ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹತ್ತುತ್ತಿದೆ, ಕೂಡಲೇ ಎದೆಗೆ ಹಾಕಿಕೊಳ್ಳಬೇಕು. ಎರಡೂ ತಣ್ಣಗಿದ್ದು, ಕೂಸು ಹಾಲು ಕುಡಿಯುತ್ತಿಲ್ಲ ಎಂದರೆ ಬೆಳಗಾಗುವವರೆಗೆ ಕಾಯದೆ ಎದೆಗಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿ. ಎರೆಯುವುದನ್ನು ಈ ವಾರ ನಸುಕಿನಿಂದ ಮಧ್ಯಾಹ್ನ ಹನ್ನೆರಡಕ್ಕೆ ಸರಿಸಿ. ಒಂದೆರಡು ದಿನ ಬರೀ ಒರೆಸಿದರೂ ಕೂಸಿಗೆ ಏನೂ ಕಡಿಮೆಯಾಗುವುದಿಲ್ಲ.

ಶೇಗಡಿಯನ್ನು ಅತ್ತೆಯವರ ಕೈಯಿಂದ ಕಸಿಯಬೇಡಿ. ಸಂಜೆ ಅಂಗಳದಲ್ಲೇ ಹಚ್ಚಲಿ. ಸ್ಟೀಲ್ ಬಾಟಲಿಗೆ ತುಂಬಲು ಅದರ ಮೇಲೆಯೇ ನೀರು ಕಾಯಲಿ. ಬಾಟಲಿಗೆ ಟವೆಲ್ ಸುತ್ತಿ ಹಾಸಿಗೆಯಲ್ಲಿ ಹತ್ತು ನಿಮಿಷ ಇಟ್ಟು, ಕೂಸನ್ನು ಮಲಗಿಸುವ ಮೊದಲು ತೆಗೆದುಬಿಡಿ. ಮಗಳು ಹೊದೆಯುವ ಕೌದಿಯನ್ನು ಕೆಂಡದಿಂದ ಒಂದು ಮೊಳ ದೂರದಲ್ಲಿ ಇಬ್ಬರು ಎರಡೂ ಸೆರಗು ಹಿಡಿದು ಕಾಸಿ, ಮಡಚಿ, ಅತ್ತೆಯವರೇ ಒಳಗೆ ತಂದು ಹೊದಿಸಲಿ. ಆಮೇಲೆ ಕೆಂಡಕ್ಕೆ ನೀರು ಸುರಿದು, ಶೇಗಡಿ ಅಂಗಳದಲ್ಲೇ ಬಿಟ್ಟು ಬಾಗಿಲು ಹಾಕಿಕೊಳ್ಳಿ.